ಎಂ ಸ್ಯಾಂಡ್ ಬೀಚು ಮತ್ತು ಅಜ್ಜಿಯ ಮುದ್ದೆಕೋಲು

ನಮ್ಮ ಜಿಲ್ಲೆಗೆ ಸಮುದ್ರ ತಂದವನು ನನ್ನ ಮಾವ. ಇದನ್ನು ಯಾವ ಪಠ್ಯಪುಸ್ತಕದಲ್ಲೂ ಹಾಕಿಲ್ಲ, ಅದಕ್ಕೇ ನಾನೇ ಬರೆಯಬೇಕಾಗಿದೆ.

ಚಿಕ್ಕಬಳ್ಳಾಪುರದ ಕಡೆ ನೀರಿನ ಕಥೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಬೋರ್‌ವೆಲ್ ಕೊರೆಯುವಾಗ ಮೊದಲು ಮಣ್ಣು ಬರುತ್ತದೆ, ಆಮೇಲೆ ಕಲ್ಲುಪುಡಿ ಬರುತ್ತದೆ, ಆಮೇಲೆ ಇನ್ನೂ ಕಲ್ಲುಪುಡಿ ಬರುತ್ತದೆ, ಕೊನೆಗೆ ಭೂಮಿಯ ಆ ಕಡೆಯ ಜನ ಎದ್ದು ಬಂದು "ಯಾರಪ್ಪಾ ಅದು, ನಮ್ಮನೆ ನೆಲ ತೂತು ಮಾಡ್ತಿರೋದು?" ಎಂದು ಕೇಳುತ್ತಾರೆ. ಅಂಥ ಕಡೆ, ನಂದಿಯಿಂದ ಸ್ಕಂದಗಿರಿಗೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ಚಪ್ಪರದ ಪಕ್ಕದಲ್ಲಿ ಮಾವ ಬೀಚು ಕಟ್ಟಿದ.

ಇದಕ್ಕೆಲ್ಲ ಕಾರಣ ಇಂಗ್ಲೆಂಡು. ಮಾವ ದ್ರಾಕ್ಷಿ ಜೊತೆಗೆ ಗುಲಾಬಿಯನ್ನೂ ಬೆಳೆಯುತ್ತಾನೆ. ಒಂದು ಸಲ ಹೂ ಬೆಳೆಗಾರರೆಲ್ಲ ಸೇರಿ ಹೊರದೇಶದ ಗಾಜಿನ ಮನೆಗಳನ್ನು ನೋಡಲು ಹೋದಾಗ ಇವನೂ ಹೋದ. ವಾಪಸು ಬರುವ ಮುಂಚೆ ಅವರನ್ನೆಲ್ಲ ಬಸ್ಸಿಗೆ ಹತ್ತಿಸಿ ಇಂಗ್ಲೆಂಡಿನ ಯಾವುದೋ ಕಡಲತೀರದ ಊರಿಗೆ ಕರೆದುಕೊಂಡು ಹೋದರಂತೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಳೆ. ನಮ್ಮ ಕಡೆಯ ಜನ ಅಷ್ಟು ಹೊತ್ತು ಮಳೆಯನ್ನೇ ನೋಡುತ್ತಾ ನಿಂತಿದ್ದರಂತೆ, ಸಮುದ್ರ ನೋಡಲು ಮರೆತೇಹೋಯಿತಂತೆ.

"ನೋಡೋ," ಎಂದು ಮಾವ ಈ ಕಥೆಯನ್ನು ನನಗೆ ಹೇಳುತ್ತಿದ್ದ, "ಸಮುದ್ರದೊಳಕ್ಕೆ ಒಂದು ಸೇತುವೆ ಕಟ್ಟವ್ರೆ. ಆ ಕಡೆ ದಡಾನೇ ಇಲ್ಲ! ಅರ್ಧಕ್ಕೇ ನಿಲ್ಸವ್ರೆ."

"ಕಂಟ್ರಾಕ್ಟರ್ ಓಡೋದ್ನಾ ಮಾವ?"

"ಇಲ್ಲ ಕಣೋ, ಬೇಕು ಅಂತ್ಲೇ ಹಂಗ್ ಕಟ್ಟಿರೋದು. ತುದೀಲಿ ಒಂದು ನಾಟಕದ ಮನೆ. ಒಳಗೆ ಒಬ್ನೇ ಒಬ್ಬ ಆಸಾಮಿ. ಗಿಡ್ಡ ಕೋಟು, ಕೈಲೊಂದು ಕೋಲು. ಅವನು ಬಾಯಿ ಬಿಡೋ ಮುಂಚೇನೇ ಜನ ಬಿದ್ದು ಬಿದ್ದು ನಗ್ತಾರೆ."

"ಏನ್ ಹೇಳ್ದ?"

"ನಂಗೇನ್ ಗೊತ್ತು, ಇಂಗ್ಲಿಷು. ಆದ್ರೂ ನಕ್ಕು ನಕ್ಕು ಹೊಟ್ಟೆ ಇಡ್ಕೊಂಡೆ ಕಣೋ."

ಮಾವ ಹಾಗೇ. ಬಸ್ಸಿನ ಕಂಡಕ್ಟರ್ ಸೀಟಿ ಊದಿದರೂ ನಗುತ್ತಾನೆ. ಅಲ್ಲಿಂದ ನನಗೆ ತಂದದ್ದು ಒಂದು ಉದ್ದನೆಯ ಗುಲಾಬಿ ಬಣ್ಣದ ಮಿಠಾಯಿ ಕಡ್ಡಿ. ಅದನ್ನು ಎಲ್ಲಿ ಮುರಿದರೂ ಒಳಗೆ ಆ ಊರಿನ ಹೆಸರೇ ಬರೆದಿರುತ್ತದೆ. ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡುತ್ತಾ ಮಾಡುತ್ತಾ ನಾನು ಇಡೀ ಊರನ್ನು ತಿಂದು ಮುಗಿಸಿದೆ. ಹಾಗಾಗಿ ಈಗ ಆ ಊರಿನ ಹೆಸರು ಮಾವನಿಗೂ ನೆನಪಿಲ್ಲ, ನನಗೂ ಇಲ್ಲ.

ಬಂದವನೇ ಮಾವ ಒಂದು ಪಟ್ಟಿ ದ್ರಾಕ್ಷಿ ಕಿತ್ತುಹಾಕಿದ. ಅಲ್ಲೇ ಇದ್ದ ಕೃಷಿ ಹೊಂಡಕ್ಕೆ ಹೊಸ ನೀಲಿ ಪ್ಲಾಸ್ಟಿಕ್ ಶೀಟು ಹಾಸಿ, ಟ್ಯಾಂಕರ್ ನೀರು ತುಂಬಿಸಿದ. ಅದು ಸಮುದ್ರ. ಮರಳು ಬೇಕಿತ್ತು, ಮರಳು ತರಿಸುವುದಕ್ಕಿಂತ ಸಮುದ್ರವನ್ನೇ ತರಿಸುವುದು ಸುಲಭ ಎಂದು ಗೊತ್ತಾಗಿ, ಕ್ರಷರ್‌ನಿಂದ ಲಾರಿಗಟ್ಟಲೆ ಎಂ ಸ್ಯಾಂಡ್ ಸುರಿಸಿದ. ಕಲ್ಲು ಕುಟ್ಟಿ ಮಾಡಿದ ಬೂದು ಬಣ್ಣದ ಮರಳು, ಮನೆ ಕಟ್ಟಲು ಬಳಸುವುದು. ಅದರ ಮೇಲೆ ಬರಿಗಾಲಲ್ಲಿ ನಡೆದ ಬೆಂಗಳೂರಿನವರು ಯಾವುದೋ ದೇವರಿಗೆ ಹರಕೆ ತೀರಿಸುತ್ತಿರುವವರ ಹಾಗೆ ಕಾಣುತ್ತಿದ್ದರು. ನೀಲಗಿರಿ ಕಂಬ ನೆಟ್ಟು, ಮೇಲೆ ಸೆಂಟ್ರಿಂಗ್ ಹಲಗೆ ಜೋಡಿಸಿ, ಹೊಂಡದ ಮಧ್ಯದವರೆಗೆ ಸೇತುವೆ ಮಾಡಿಸಿದ. ಬೇಕೆಂತಲೇ ಅರ್ಧಕ್ಕೆ. ಕೆಲಸ ಮಾಡಿದ ಮೇಸ್ತ್ರಿ ಹೋಗುವವರೆಗೂ "ಮಿಕ್ಕಿದ್ದು ಯಾವಾಗ ಮಾಡಣ ಅಣ್ಣಾ?" ಎಂದು ಕೇಳುತ್ತಲೇ ಇದ್ದ.

ಅಲ್ಲಿನ ಬೀಚಲ್ಲಿ ಮಕ್ಕಳನ್ನು ಕತ್ತೆ ಮೇಲೆ ಕೂರಿಸಿ ಸುತ್ತು ಹಾಕಿಸುತ್ತಾರಂತೆ. ಮಾವ ಅದನ್ನೂ ಬಿಡಲಿಲ್ಲ. ನಮ್ಮ ಬೀದಿಗಳಲ್ಲಿ ಕತ್ತೆಹಾಲು ಮಾರಿಕೊಂಡು ಆಂಧ್ರದ ಕಡೆಯಿಂದ ಬರುವ ಒಬ್ಬ ಹೆಂಗಸನ್ನು ಹಿಡಿದು ವಿಷಯ ಹೇಳಿದ. "ಡಬ್ಬಿಚ್ಚಿ ಗಾಡಿದ ಮೀದ ಕೂರ್ಚುಂಟಾರಾ?" ಎಂದಳು ಅವಳು. ದುಡ್ಡು ಕೊಟ್ಟು ಕತ್ತೆ ಮೇಲೆ ಕೂರ್ತಾರಾ ಎಂದು. ಆಮೇಲೆ ಎಂ ಸ್ಯಾಂಡ್ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು, ನಕ್ಕಳು, ಕತ್ತೆಗೇ ನಾಚಿಕೆಯಾಗುವಷ್ಟು ನಕ್ಕು, ಅದನ್ನು ಹೊಡೆದುಕೊಂಡು ಹೊರಟುಹೋದಳು. ಆ ಬೀಚಿನಲ್ಲಿ ಮೊದಮೊದಲು ಮಾವನನ್ನು ಬಿಟ್ಟು ಯಾರಾದರೂ ನಕ್ಕಿದ್ದು ಅಂದರೆ ಅದೊಂದೇ.

ಏಕೆಂದರೆ ಅಲ್ಲಿ ನಗಿಸುವ ಕೆಲಸ ನನ್ನದಾಗಿತ್ತು.

ಮಾವನ ಕಥೆ ಕೇಳಿದ ಮೇಲೆ ನಾನು ಫೋನಿನಲ್ಲಿ ಹುಡುಕಿ ಹುಡುಕಿ ಅಂಥ ಒಬ್ಬ ಇಂಗ್ಲಿಷ್ ಹಾಸ್ಯಗಾರನ ಹಳೇ ವಿಡಿಯೋ ಹಿಡಿದಿದ್ದೆ. ಮಾವ ನೋಡಿದವನ ತಾತ ಇರಬೇಕು, ಕಪ್ಪು ಬಿಳುಪು. ಅದೇ ಗಿಡ್ಡ ಕೋಟು, ಅದೇ ಕೋಲು. ಕೋಲನ್ನು ನೆಲಕ್ಕೆ ಊರಿ, ಜನರ ಮುಖ ನೋಡುತ್ತಾ ಸುಮ್ಮನೆ ನಿಲ್ಲುತ್ತಾನೆ, ಜನ ನಗುತ್ತಾರೆ. ಏನೋ ಹೇಳುತ್ತಾನೆ, ಇನ್ನೂ ನಗುತ್ತಾರೆ. ನಾನು ಅದನ್ನು ಎಷ್ಟು ಸಲ ನೋಡಿದೆನೆಂದರೆ ಕೊನೆಗೆ ಅವನೇ ನನ್ನ ಕಡೆ ನೋಡಿ "ಓದ್ಕೊಳೋ" ಎಂದು ಹೇಳುವುದೊಂದು ಬಾಕಿ ಇತ್ತು. ನನಗೂ ಪ್ರತಿಭೆ ಕಮ್ಮಿಯಿಲ್ಲ. ಸ್ಕೂಲಲ್ಲಿ ಮೇಷ್ಟ್ರು ನಡೆಯುವ ಹಾಗೆ ನಡೆದು ತೋರಿಸಿ, ಮೇಷ್ಟ್ರೇ ಹಿಂದೆ ನಿಂತು ನೋಡುವಂತೆ ಮಾಡಿದವನು ನಾನು. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ನಿರ್ಧಾರ ಮಾಡಿದೆ: ನಾನು ಸ್ಟೇಜ್ ಕಾಮಿಡಿಯನ್ ಆಗುತ್ತೇನೆ.

ಅಪ್ಪನ ನಿರ್ಧಾರ ಬೇರೆ ಇತ್ತು. ಅಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಾರೆ. ಅವರು ನಗುವುದನ್ನು ನಾನು ಕಂಡಿರಲಿಲ್ಲ. ಮದುವೆ ಫೋಟೋದಲ್ಲೂ ಮಾರ್ಕೆಟ್ಟಿನಲ್ಲಿ ಹರಾಜಿಗಿಟ್ಟ ರೇಷ್ಮೆಗೂಡಿನ ಲಾಟು ಮುಟ್ಟಿ ನೋಡುವ ಮುಖದಲ್ಲೇ ನಿಂತಿದ್ದಾರೆ. ಅಮ್ಮನನ್ನು ತಗೊಳ್ಳೋದಾ ಬೇಡವಾ ಎಂದು ಇನ್ನೂ ಯೋಚನೆ ಮಾಡುತ್ತಿರುವಂತೆ. ಅವರು ನನಗೆ ಗೌರಿಬಿದನೂರಿನಾಚೆ ಒಂದು ಕೋಚಿಂಗ್ ಹಾಸ್ಟೆಲ್ ನೋಡಿಟ್ಟಿದ್ದರು. ಎರಡು ವರ್ಷ ಗೇಟಿನ ಒಳಗೆ. ಫೋನಿಲ್ಲ, ಹಬ್ಬವಿಲ್ಲ, ಸ್ಟೇಜಂತೂ ಇಲ್ಲವೇ ಇಲ್ಲ.

ಆಗ ಮಾವ ನನ್ನ ಪರವಾಗಿ ಮಾತಾಡಿದ. "ಭಾವ, ರಜಾ ಮುಗಿಯೋಗಂಟ ನನ್ನತ್ರ ಬಿಡಿ. ನಮ್ ಬೀಚಲ್ಲಿ ಶನಿವಾರ ಶನಿವಾರ ಪ್ರೋಗ್ರಾಂ ಕೊಡ್ಲಿ. ಜನ ನಕ್ರೆ ಇಲ್ಲೇ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗ್ಲಿ, ಸಾಯಂಕಾಲ ಅವನ್ ಕುಣಿತ ಅವನು ಕುಣ್ಕೊಳ್ಲಿ. ನಗ್ಲಿಲ್ವಾ, ನಾನೇ ಕರ್ಕೊಂಡೋಗಿ ಹಾಸ್ಟೆಲ್ಗೆ ಸೇರುಸ್ತೀನಿ."

ಅಪ್ಪ ಬಹಳ ಹೊತ್ತು ನನ್ನನ್ನು ಲಾಟು ನೋಡುವ ಹಾಗೆ ನೋಡಿದರು. "ಆಯ್ತು. ಕೊನೇ ವಾರ ನಾನೇ ಬಂದು ನೋಡ್ತೀನಿ. ಆದ್ರೆ ನಿನ್ ನಗು ಲೆಕ್ಕಕ್ಕಿಲ್ಲ ಕಣಯ್ಯ," ಎಂದು ಮಾವನಿಗೆ ಹೇಳಿದರು. ಮಾವ ಅದಕ್ಕೂ ನಕ್ಕ.

ನಾನು ಗೆದ್ದೇ ಬಿಟ್ಟೆ ಎಂದುಕೊಂಡೆ. ಆದರೆ ನನ್ನ ದಾರಿಗೆ ಅಡ್ಡ ನಿಂತದ್ದು ಅಪ್ಪನಲ್ಲ, ಮುದ್ದೆ.

ಮಾವನ ಬೀಚಿಗೆ ಬರುತ್ತಿದ್ದ ಜನ ಯಾರು ಅಂದರೆ, ಬೆಂಗಳೂರಿನಿಂದ ಬಂದು ರಾತ್ರಿಯಿಡೀ ನಿದ್ದೆಗೆಟ್ಟು ಸ್ಕಂದಗಿರಿ ಹತ್ತಿ, ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ಫೋಟೋ ಹೊಡೆದು, ಕಾಲು ಎಳೆದುಕೊಂಡು ಇಳಿಯುವವರು. ಅವರು ಬಂದು ಮುಖ ತೊಳೆದುಕೊಂಡ ಕೂಡಲೇ ಅಡುಗೆ ಮನೆಯಿಂದ ನನ್ನ ಅಜ್ಜಿ ಹೊರಗೆ ಬರುತ್ತಿದ್ದಳು. ಅಜ್ಜಿ ಅಂದರೆ ಮಾವನ ತಾಯಿ, ನನ್ನ ಅಮ್ಮನ ತಾಯಿ. ಅವಳ ಪ್ರಕಾರ ಆ ಜಾಗ ರೆಸಾರ್ಟೂ ಅಲ್ಲ, ಸಮುದ್ರವೂ ಅಲ್ಲ; ಮನೆಗೆ ನೆಂಟರು ಬಂದಿದ್ದಾರೆ, ಅಷ್ಟೆ. ನೆಂಟರು ಬಂದರೆ ನಾಟಿ ಕೋಳಿ ಸಾರು, ರಾಗಿ ಮುದ್ದೆ. ಮುದ್ದೆ ಅಂದರೆ ಹೋಟೆಲಿನ ಮುದ್ದೆಯಲ್ಲ. ನಮ್ಮಜ್ಜಿ ಕಟ್ಟುವ ಮುದ್ದೆಯನ್ನು ತಟ್ಟೆಗೆ ಇಟ್ಟರೆ ಮೇಜು ಒಂದು ಕಡೆ ವಾಲುತ್ತದೆ.

"ಅಗೀಬಾರ್ದಪ್ಪ, ನುಂಗ್ಬೇಕು," ಎಂದು ಅವರ ತಲೆಯ ಮೇಲೆ ನಿಂತು ಹೇಳಿಕೊಡುತ್ತಿದ್ದಳು. "ಸಾರಲ್ಲಿ ಅದ್ದಿ ಬಿಟ್ಬಿಡು ಒಳಕ್ಕೆ. ಅದೇ ದಾರಿ ನೋಡ್ಕೊಂಡು ಓಗ್ತದೆ."

"ಸಾಕು ಅಜ್ಜೀ, ಪ್ಲೀಸ್."

"ಏನ್ ಸಾಕು? ಬೆಟ್ಟ ಹತ್ ಬಂದಿದ್ದೀಯ. ಇನ್ನೊಂದರ್ಧ ಇಕ್ಕುಸ್ಕೊ ಮಗ."

ಒಂದು ರಾತ್ರಿಯ ನಿದ್ದೆ ಬಾಕಿ, ಒಂದು ಬೆಟ್ಟ, ಒಂದೂವರೆ ಮುದ್ದೆ. ಇಷ್ಟೆಲ್ಲ ಆದ ಮೇಲೆ ನನ್ನ ಕಾರ್ಯಕ್ರಮ.

ಮೊದಲನೇ ಶನಿವಾರ ನಾನು ಮಾವನ ಮದುವೆ ಕೋಟು ಹಾಕಿಕೊಂಡು ಸೇತುವೆಯ ತುದಿಗೆ ಹೋಗಿ ನಿಂತೆ. ಮಾವ ನನಗಿಂತ ಎಷ್ಟು ಗಿಡ್ಡ ಎಂದರೆ ಅವನ ಕೋಟು ನನಗೆ ಇಂಗ್ಲಿಷ್ ಹಾಸ್ಯಗಾರನ ಅಳತೆಗೇ ಇತ್ತು. ಜನ ಎಂ ಸ್ಯಾಂಡ್ ಮೇಲೆ ಸಾಲಾಗಿ ಹಾಕಿದ್ದ ಶಾಮಿಯಾನದ ಕುರ್ಚಿಗಳಲ್ಲಿ ಕೂತಿದ್ದರು. ನಾನು ಸುಮ್ಮನೆ ನಿಂತು ಅವರ ಮುಖ ನೋಡಿದೆ. ಇಂಗ್ಲೆಂಡಿನಲ್ಲಿ ಇಷ್ಟಕ್ಕೇ ನಗುತ್ತಾರೆ. ಇಲ್ಲಿ ಮುಂದಿನ ಸಾಲಿನವನ ಗದ್ದ ನಿಧಾನಕ್ಕೆ ಎದೆಗೆ ಇಳಿಯಿತು.

"ನಾನೊಂದ್ಸಲ ಸಮುದ್ರದ ಊರಿಗೆ ಹೋಗಿದ್ದೆ," ಎಂದು ಶುರು ಮಾಡಿದೆ. "ಲಾಡ್ಜಿನ ಓನರಮ್ಮ ಎಷ್ಟು ಕಂಜೂಸು ಅಂದ್ರೆ, ಕಿಟಕೀಲಿ ಸಮುದ್ರ ನೋಡೋಕೂ ಟೈಮಿಂಗ್ ಇಟ್ಟಿದ್ಲು."

ಗೊರಕೆ. ಅದೂ ಒಬ್ಬರದಲ್ಲ. ಬಲಗಡೆಯಿಂದ ಒಬ್ಬ ಎಳೆದರೆ ಎಡಗಡೆಯಿಂದ ಇನ್ನೊಬ್ಬ ಬಿಡುತ್ತಿದ್ದ. ಸಮುದ್ರಕ್ಕೆ ಅಲೆಯ ಸದ್ದೊಂದು ಕಮ್ಮಿ ಇತ್ತು, ಅದೂ ಬಂದಂತಾಯಿತು. ಕೊನೆಯಲ್ಲಿ ನಕ್ಕಿದ್ದು ಮಾವ ಒಬ್ಬನೇ. ಅವನದು ಲೆಕ್ಕಕ್ಕಿಲ್ಲ.

ಎರಡನೇ ಶನಿವಾರ ಮಾವನನ್ನು ಬಿಟ್ಟರೆ ಎಚ್ಚರವಿದ್ದವರು ಇಬ್ಬರಿದ್ದರು: ಒಂದು ಹಸುಗೂಸು, ಮತ್ತು ಪೆರೇಸಂದ್ರದಿಂದ ತರಕಾರಿ ತಂದ ಟೆಂಪೋದವನು. ನಾನು ಅವನ ಮುಖವನ್ನೇ ಹಿಡಿದುಕೊಂಡೆ. "ಆ ಊರಲ್ಲಿ ಎಂಥಾ ಮಳೆ ಅಂದ್ರೆ, ಮೀನುಗಳು ಕೊಡೆ ಹಿಡ್ಕೊಂಡು ಓಡಾಡ್ತವೆ! ಛೇ, ಹಾಳಾದ್ ಮಳೆ, ಬೆಳಿಗ್ಗೆ ಎದ್ರೆ ಮಳೆ!"

ಟೆಂಪೋದವನು ನಗಲಿಲ್ಲ. ಮುಂದಕ್ಕೆ ಬಾಗಿ ಕೂತ. "ಯಾವೂರಪ್ಪ ಅದು? ಅಲ್ಲಿ ಎಕರೆ ಏನ್ ನಡೀತಾ ಐತೆ?"

ಮಳೆ ಬಂತೆಂದು ಬೈದುಕೊಳ್ಳುವುದು ಇಂಗ್ಲೆಂಡಿನಲ್ಲಿ ತಮಾಷೆ. ನಮ್ಮ ಕಡೆ ಅಂಥವನನ್ನು ಆಸ್ಪತ್ರೆಗೆ ತೋರಿಸುತ್ತಾರೆ. ತಪ್ಪು ನನ್ನ ಜೋಕಿನದಲ್ಲ. ಎಚ್ಚರವಿಲ್ಲದವನನ್ನು ಆ ಇಂಗ್ಲಿಷಿನವನೂ ನಗಿಸಲಾರ. ಅವನ ಊರಿನಲ್ಲಿ ಜನ ಬ್ರೆಡ್ಡು ಮೀನು ತಿಂದು ಹಗುರವಾಗಿ ಬಂದು ಕೂರುತ್ತಿದ್ದರು. ಅವನ ಅಜ್ಜಿ ಅಡುಗೆ ಮನೆಯಲ್ಲಿ ಇರುತ್ತಿರಲಿಲ್ಲ.

ಮೂರನೇ ವಾರ ಅಜ್ಜಿಯ ಜೊತೆ ಮಾತುಕತೆಗೆ ಕೂತೆ.

"ಅಜ್ಜಿ, ಫಸ್ಟು ಪ್ರೋಗ್ರಾಂ ಇಟ್ಕೊಳಣ. ಆಮೇಲೆ ಊಟ."

"ಹಸ್ಕೊಂಡಿರೋರ ಮುಂದೆ ಕುಣೀತೀಯೇನೋ? ಪಾಪ ಬರಲ್ವಾ?"

"ಅರ್ಧ ಗಂಟೆ ಅಜ್ಜಿ!"

"ಬಂದೋರಿಗೆ ಮೊದ್ಲು ಉಣ್ಣಕ್ಕಿಕ್ಬೇಕು. ಆಮೇಲೆ ನೀನು ಕುಣೀತೀಯೋ, ಅಳ್ತೀಯೋ, ಸಮುದ್ರಕ್ಕೇ ಬೀಳ್ತೀಯೋ, ನಾನ್ ಕೇಳಲ್ಲ."

"ಹಂಗಾದ್ರೆ ಮುದ್ದೆ ಬೇಡ, ಚಿತ್ರಾನ್ನ ಮಾಡು. ಹಗುರ."

ಅಜ್ಜಿ ಸೌಟು ಕೆಳಗಿಟ್ಟಳು. ನಮ್ಮ ಮನೆಯಲ್ಲಿ ಅಜ್ಜಿ ಸೌಟು ಕೆಳಗಿಟ್ಟರೆ ನಾಯಿ ಕೂಡ ಎದ್ದು ಹೋಗುತ್ತದೆ. ನಾನೂ ಹೋದೆ. ಆ ವಾರವೂ ಎಲ್ಲರೂ ಮಲಗಿದರು. ಈ ಸಲ ಬಂದಿದ್ದ ಹಸುಗೂಸೂ ಮಲಗಿತ್ತು, ಅದರ ಬಾಯಿಗೂ ಅಜ್ಜಿ ಸ್ವಲ್ಪ ಮುದ್ದೆ ಸಾರು ನೆಕ್ಕಿಸಿದ್ದಳಂತೆ.

ಕೊನೆಯ ಶನಿವಾರ ಬಂತು. ಅಪ್ಪ ಶಿಡ್ಲಘಟ್ಟದಿಂದ ಬೈಕಿನಲ್ಲಿ ಬಂದರು, ಹಾಸ್ಟೆಲಿಗೆ ಕೊಂಡಿದ್ದ ಹೊಸ ಟ್ರಂಕನ್ನು ಹಿಂದೆ ಕಟ್ಟಿಕೊಂಡೇ ಬಂದರು. ಆ ಟ್ರಂಕಿನ ಮೇಲೆ ಆಗಲೇ ನನ್ನ ಹೆಸರು ಬರೆಸಿಯಾಗಿತ್ತು, ಬಿಳಿ ಬಣ್ಣದಲ್ಲಿ, ಅಳಿಸಲು ಬಾರದಂತೆ.

ಆದರೆ ನಾನು ಆ ದಿನ ಬೆಳಿಗ್ಗೆಯೇ ಒಂದು ಕೆಲಸ ಮುಗಿಸಿದ್ದೆ. ಅಡುಗೆ ಮನೆಯಿಂದ ಅಜ್ಜಿಯ ಮುದ್ದೆಕೋಲು ಎತ್ತಿಟ್ಟಿದ್ದೆ. ಕುದಿಯುವ ಎಸರಿಗೆ ರಾಗಿ ಹಿಟ್ಟು ಹಾಕಿ ಗಂಟಿಲ್ಲದ ಹಾಗೆ ತಿರುವುವ ಕೋಲು ಅದು. ಅಜ್ಜಿಯ ಅತ್ತೆಯ ಕಾಲದ್ದು, ತಿರುವಿ ತಿರುವಿ ಕನ್ನಡಿ ಹಾಗೆ ನುಣ್ಣಗಾಗಿದೆ, ನನ್ನ ಸೊಂಟದವರೆಗೆ ಬರುತ್ತದೆ. ಕೋಲಿಲ್ಲದೆ ಮುದ್ದೆಯಿಲ್ಲ, ಮುದ್ದೆಯಿಲ್ಲದೆ ನಿದ್ದೆಯಿಲ್ಲ. ಜೊತೆಗೆ ಆ ಇಂಗ್ಲಿಷಿನವನ ಕೈಯಲ್ಲಿದ್ದಂಥ ಕೋಲು ನನಗೂ ಬೇಕಿತ್ತು. ಒಂದೇ ಕೋಲಿಗೆ ಎರಡು ಕೆಲಸ. ಇಂಥ ತಲೆಯನ್ನು ಕೋಚಿಂಗಿಗೆ ಕಳಿಸುತ್ತಾರಂತೆ!

ನಾನು ಲೆಕ್ಕ ಹಾಕದೆ ಬಿಟ್ಟದ್ದು ಒಂದೇ: ಆ ದಿನ ಅಜ್ಜಿಯ ಪಾಲಿಗೆ ಬಂದಿದ್ದವರು ಬರೀ ನೆಂಟರಲ್ಲ, ಅಳಿಯ. ನಮ್ಮ ಕಡೆ ಅಳಿಯ ಬಂದ ದಿನ ಅತ್ತೆಯ ಮೈಮೇಲೆ ದೇವರು ಬಂದ ಹಾಗೆ. ಮದುವೆಯಾಗಿ ಇಷ್ಟು ವರ್ಷವಾದರೂ ಅಜ್ಜಿ ಅಪ್ಪನ ಎದುರು ನೆಟ್ಟಗೆ ನಿಲ್ಲುವುದಿಲ್ಲ. ತಲೆ ಮೇಲೆ ಸೆರಗು ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು, ಗೋಡೆಗೆ ಹೇಳಿದ ಹಾಗೆ "ಬಂದ್ರಂತಾ?" ಎನ್ನುತ್ತಾಳೆ. ಅಪ್ಪನೂ ಇನ್ನೊಂದು ಗೋಡೆಗೆ "ಬಂದೆ" ಎನ್ನುತ್ತಾರೆ. ಅಂಥ ಅಳಿಯನಿಗೆ ಗಂಟುಗಂಟಾದ ಮುದ್ದೆ ಇಕ್ಕುವುದಕ್ಕಿಂತ ಊರು ಬಿಟ್ಟು ಹೋಗುವುದು ವಾಸಿ ಎಂದು ತಿಳಿದವಳು ಅಜ್ಜಿ. ಹಾಗಾಗಿ ಬೇರೆ ಯಾವ ಕೋಲನ್ನೂ ಮುಟ್ಟದೆ, ಅದೊಂದೇ ಕೋಲನ್ನು ಹುಡುಕುತ್ತಾ ಅಡುಗೆ ಮನೆ, ಹಿತ್ತಲು, ಕೋಳಿಗೂಡು ಎಲ್ಲ ತಿರುವಿಹಾಕುತ್ತಿದ್ದಳು.

"ಊಟ ಸ್ವಲ್ಪ ಲೇಟು," ಎಂದು ನಾನು ಮೈಕಿನಲ್ಲಿ ಹೇಳಿದೆ. "ಅಷ್ಟರೊಳಗೆ ನಮ್ಮ ಕಾರ್ಯಕ್ರಮ!"

ಮೊದಲ ಸಾಲಿನ ಮಧ್ಯದಲ್ಲಿ ಅಪ್ಪ. ಪಕ್ಕದಲ್ಲಿ ಮಾವ. ಹಿಂದೆ ಬೆಟ್ಟದಿಂದ ಇಳಿದ ಜನ, ಎಲ್ಲರ ಕಣ್ಣೂ ತೆರೆದಿದ್ದವು. ನಾನು ಕೋಲನ್ನು ಹಲಗೆಗೆ ಊರಿ, ಸುಮ್ಮನೆ ನಿಂತು, ಅವರ ಮುಖ ನೋಡಿದೆ.

ಆ ಮುಖಗಳು ನನ್ನ ಕಡೆ ಇರಲಿಲ್ಲ. ಒಂದೊಂದೂ ಅಡುಗೆ ಮನೆ ಕಡೆ ತಿರುಗಿತ್ತು. ಸಾರು ಮಾತ್ರ ರೆಡಿ ಇತ್ತಲ್ಲ, ಅದರ ಘಮ ಸಮುದ್ರ ದಾಟಿ ಬರುತ್ತಿತ್ತು. ನಾನು ಲಾಡ್ಜಿನ ಓನರಮ್ಮನ ಜೋಕು ಬಿಟ್ಟೆ. ಯಾರದೋ ಹೊಟ್ಟೆ ಗುರ್ರೆಂದಿತು. ಮೀನಿನ ಕೊಡೆ ಬಿಟ್ಟೆ. ಮೀನು ಎಂದು ಕೇಳಿ ಒಬ್ಬ ಎಂಜಲು ನುಂಗಿದ. "ಬ್ರೋ," ಎಂದು ಹಿಂದಿನಿಂದ ಒಬ್ಬ ಕೂಗಿದ, "ಚೆನ್ನಾಗಿದೆ ಬ್ರೋ, ಊಟ ಎಷ್ಟೊತ್ತಿಗೆ?"

ಮಲಗಿದವರೇ ಎಷ್ಟೋ ವಾಸಿ. ಮಲಗಿದವರು ನನ್ನನ್ನು ದ್ವೇಷಿಸುತ್ತಿರಲಿಲ್ಲ. ಅಪ್ಪ ಗಡಿಯಾರ ನೋಡಿಕೊಂಡರು. ಆಮೇಲೆ ಬೈಕಿನ ಮೇಲಿದ್ದ ಟ್ರಂಕಿನ ಕಡೆ ನೋಡಿದರು. ಉಳಿದ ಎಲ್ಲ ಜೋಕುಗಳನ್ನೂ ಒಂದರ ಮೇಲೊಂದು, ಉಸಿರಾಡದೆ, ಬೋರ್‌ವೆಲ್ ಲಾರಿ ಕಲ್ಲುಪುಡಿ ಉಗುಳಿದ ಹಾಗೆ ಉಗುಳಿದೆ. ಕೋಲು ಗಿರ್ರೆಂದು ತಿರುಗಿಸಿದೆ.

ಅದೇ ತಪ್ಪಾಯಿತು. ಬಿಸಿಲಿಗೆ ಕೋಲು ಮಿಂಚಿತು. ಕೋಳಿಗೂಡಿನ ಹತ್ತಿರ ಬಗ್ಗಿದ್ದ ಅಜ್ಜಿ ತಲೆ ಎತ್ತಿದಳು.

ಎಂ ಸ್ಯಾಂಡ್ ಮೇಲೆ ಬರಿಗಾಲಲ್ಲಿ ಅಷ್ಟು ವೇಗವಾಗಿ ನಡೆದವರನ್ನು ನಾನು ಇವತ್ತಿಗೂ ಕಂಡಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಗಳ ಮಧ್ಯೆ ದಾರಿ ಮಾಡಿಕೊಂಡು, ಸೇತುವೆ ಹತ್ತಿ, ಹಲಗೆಗಳು ದಡದಡ ಅನ್ನುವಂತೆ ನನ್ನ ಮುಂದೆ ಬಂದು ನಿಂತಳು. ಮೈಕು ನಮ್ಮಿಬ್ಬರ ಮಧ್ಯೆ ಇತ್ತು.

"ಏಮ್ರಾ!" ಎಂದಳು. ಸಿಟ್ಟು ಬಂದರೆ ಅಜ್ಜಿಗೆ 'ಏನೋ' ಅನ್ನುವುದೂ ತೆಲುಗಿನಲ್ಲೇ ಬರುವುದು. ಅದು ಸ್ಕಂದಗಿರಿಗೆ ಹೋಗಿ ಬಡಿದು ವಾಪಸು ಬಂತು. "ಅಳಿಯಂದ್ರು ಹಸ್ಕೊಂಡು ಕೂತವ್ರೆ, ನೀನಿಲ್ಲಿ ಹಿಟ್ಟಿನ್ ಕೋಲ್ ಇಡ್ಕೊಂಡು ಕುಣೀತಿದ್ದೀಯಾ?"

ಮೊದಲ ನಗು ಎಲ್ಲಿಂದಲೋ ಬಂತು. ಒಂದು ಹುಡುಗಿಯದು.

"ಅಜ್ಜಿ, ಐದೇ ನಿಮಿಷ..."

"ಎಸರು ಕುದ್ದು ಕುದ್ದು ಪಾತ್ರೆ ತಳ ಕಾಣ್ತಾ ಐತೆ, ಐದ್ ನಿಮಿಷ ಅಂತೆ! ನಮ್ಮತ್ತೆ ಕೋಲದು, ಕೊಡೋ!"

"ಆಮೇಲ್ ಕೊಡ್ತೀನಿ ಅಜ್ಜಿ, ಎಲ್ರೂ ನೋಡ್ತಾವ್ರೆ!"

"ನೋಡ್ಲಿ! ನೋಡ್ಲಿ, ಮನೇಲೇ ಕಳ್ಳ ಅವ್ನೆ ಅಂತ ನೋಡ್ಲಿ!"

ಅವಳು ಒಂದು ತುದಿ ಹಿಡಿದು ಎಳೆದಳು. ನಾನು ಇನ್ನೊಂದು ತುದಿ ಬಿಡಲಿಲ್ಲ. ಬಿಟ್ಟರೆ ಎರಡು ವರ್ಷ ಗೇಟಿನ ಒಳಗೆ. ಜನ ಈಗ ಕುರ್ಚಿಯಿಂದ ಎದ್ದು ನಿಂತಿದ್ದರು. "ಅಜ್ಜೀ! ಅಜ್ಜೀ!" ಎಂದು ಕೂಗುತ್ತಿದ್ದರು. ನನ್ನ ಹೆಸರನ್ನು ಒಬ್ಬನೂ ಕೂಗಲಿಲ್ಲ, ಗಮನಿಸಿ. ರಾಗಿ ಹಿಟ್ಟು ತಿರುವಿ ಬೆಳೆದ ತೋಳು ಅದು. ನಾನು ಹಿಂದಕ್ಕೆ ವಾಲಿ, ಪೂರ್ತಿ ಭಾರ ಹಾಕಿ ಎಳೆದೆ. ಆ ಹೊತ್ತಿಗೇ ಅಜ್ಜಿ ಜನ ಕೂಗುತ್ತಿದ್ದ ದಡದ ಕಡೆ ತಿರುಗಿ ನೋಡಿದಳು. ಅಲ್ಲಿ ಮೊದಲ ಸಾಲಿನಲ್ಲಿ, ನೇರ ಎದುರಿಗೆ, ಅಳಿಯ.

ಅಯ್ಯೋ ಎಂದಳು. ಎರಡೂ ಕೈಯಿಂದ ಕೋಲು ಬಿಟ್ಟು ಸೆರಗನ್ನು ತಲೆ ಮೇಲೆ ಎಳೆದುಕೊಂಡಳು.

ನಾನು ಸಮುದ್ರಕ್ಕೆ ಬಿದ್ದೆ. ಹಿಮ್ಮುಖವಾಗಿ, ಮದುವೆ ಕೋಟಿನ ಸಮೇತ, ಮುದ್ದೆಕೋಲನ್ನು ಎದೆಗೆ ಅಪ್ಪಿಕೊಂಡು.

ನೀರಿನಿಂದ ತಲೆ ಎತ್ತಿದಾಗ ಕೇಳಿದ್ದು ನಾನು ಆ ಹಳೇ ವಿಡಿಯೋದಲ್ಲಿ ಮಾತ್ರ ಕೇಳಿದ್ದ ಸದ್ದು. ಇಡೀ ಬೀಚು ನಗುತ್ತಿತ್ತು. ಒಬ್ಬ ಎಂ ಸ್ಯಾಂಡ್ ಮೇಲೆ ಉರುಳಾಡುತ್ತಿದ್ದ, ಚುಚ್ಚುತ್ತಿದ್ದರೂ ಉರುಳಾಡುತ್ತಿದ್ದ. ಮಾವ ಅಳುತ್ತಿದ್ದ. ಮತ್ತು ಅಪ್ಪ! ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಭುಜ ಎರಡೂ ಮೇಲೆ ಕೆಳಗೆ ಮೇಲೆ ಕೆಳಗೆ.

"ಕೋಲು!" ಎಂದು ಸೇತುವೆ ಮೇಲಿಂದ ಸೆರಗಿನೊಳಗಿನ ದನಿ ಬಂತು. "ಮೊದ್ಲು ಕೋಲು ಕೊಡೋ!" ನಾನು ಕೋಲು ಎತ್ತಿ ಕೊಟ್ಟೆ. ಅವಳು ಅದನ್ನು ತೆಗೆದುಕೊಂಡು, ನನ್ನನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಮಾವ ಬಂದು ಎಳೆಯುವವರೆಗೆ ನಾನು ನೀಲಗಿರಿ ಕಂಬ ತಬ್ಬಿಕೊಂಡು, ಜನರಿಗೆ ಕೈ ಬೀಸುತ್ತಾ ನಿಂತಿದ್ದೆ. ಗೆದ್ದವನು ಬೀಸುವ ಹಾಗೆಯೇ ಬೀಸಿದೆ.

ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ. "ಜನ ನಕ್ರಲ್ಲಪ್ಪ."

ಅಪ್ಪ ಒಂದು ತುತ್ತು ನುಂಗಿದರು. "ನಕ್ರು. ನಿಂಗಲ್ಲ, ನಿಮ್ಮಜ್ಜಿಗೆ."

"ನೀರಿಗೆ ಬಿದ್ದಿದ್ದು ನಾನು!"

"ಬೀಳ್ಸಿದ್ದು ಅವ್ರು."

"ಭಾವ, ನೀವೂ ನಕ್ರಿ," ಎಂದ ಮಾವ. "ನಾನ್ ನೋಡ್ದೆ."

"ನಂಗೆ ಕೆಮ್ಮು ಬಂತು."

ಇಂಥವರ ಹತ್ತಿರ ನ್ಯಾಯ ಕೇಳುವುದು ಹೇಗೆ? ಮಾವ ಬಹಳ ಗೋಗರೆದ ಮೇಲೆ ಅಪ್ಪ ಒಂದು ಮಾತು ಕೊಟ್ಟರು: ನಾಳೆ ಭಾನುವಾರ ಇನ್ನೊಂದು ಸಲ ನೋಡೋಣ, ಅಜ್ಜಿಯೂ ಇರಲಿ, ಜನ ಮತ್ತೆ ನಕ್ಕರೆ ಟ್ರಂಕು ವಾಪಸು. ನಾನು ಮತ್ತು ಮಾವ ಆ ಸಂಜೆಯೆಲ್ಲ ಅಜ್ಜಿಗೆ ಹೇಳಿಕೊಟ್ಟೆವು. ಕೋಲು ನನ್ನ ಹತ್ತಿರ ಇರುತ್ತದೆ, ನೀನು ಹುಡುಕಿಕೊಂಡು ಬರಬೇಕು, ಬೈಯಬೇಕು, ಎಳೆಯಬೇಕು, ಅಷ್ಟೆ. ಅಜ್ಜಿ ಎಲ್ಲದಕ್ಕೂ ಹೂಂ ಎಂದಳು. ಒಂದೇ ಷರತ್ತು ಹಾಕಿದಳು: ಮೊದಲು ಜನ ಉಣ್ಣಬೇಕು.

ಭಾನುವಾರ ಜನ ಉಂಡರು. ಅಜ್ಜಿಗೆ ಹುರುಪು ಬಂದು ಮುದ್ದೆ ಇನ್ನೂ ದೊಡ್ಡದಾಗಿ ಕಟ್ಟಿದ್ದಳು. ನಾನು ಸೇತುವೆ ತುದಿಗೆ ಹೋಗಿ ನಿಂತಾಗ ಆಗಲೇ ಬಲಗಡೆಯ ಅಲೆ ಎದ್ದು ಎಡಗಡೆಯ ಅಲೆಗೆ ಬಡಿಯುತ್ತಿತ್ತು. ಅಪ್ಪ ಒಬ್ಬರೇ 'ಲಾಟು ಪಾಸೋ ಫೇಲೋ' ಎನ್ನುವ ಮುಖದಲ್ಲಿ ಎದ್ದು ಕೂತಿದ್ದರು. ನಾನು ಕೋಲು ತಿರುಗಿಸಿದೆ. ಅಜ್ಜಿ ಬಂದಳು. ನಿಧಾನಕ್ಕೆ, ಸೆರಗು ಹೊದ್ದು, ಅಳಿಯನಿಗೆ ಬೆನ್ನು ಕೊಡದ ಹಾಗೆ ಅಡ್ಡಡ್ಡ ನಡೆದು ಬಂದು ಮೈಕಿನ ಮುಂದೆ ನಿಂತಳು.

"ಹುಡುಕು ಅಜ್ಜಿ," ಎಂದು ಪಿಸುಗುಟ್ಟಿದೆ.

"ಏನ್ ಹುಡುಕ್ಲೋ? ನಾನೇ ಅಲ್ವಾ ಮುದ್ದೆ ತಿರುವಿ ಈಗ್ ತಾನೆ ನಿನ್ ಕೈಗೆ ಕೊಟ್ಟಿದ್ದು."

"ಬೈಯಜ್ಜಿ, ಬೈಯಿ!"

"ಯಾಕ್ ಬೈಲಿ? ಅಳಿಯಂದ್ರು ಉಂಡವ್ರೆ. ನಂಗೇನ್ ಸಿಟ್ಟಿಲ್ಲ." ಎನ್ನುತ್ತಾ ನನ್ನ ತಲೆ ಸವರಿ, ಕೋಲನ್ನು ನನ್ನ ಕೈಯಲ್ಲೇ ಬಿಟ್ಟು, ಬಂದ ಹಾಗೆಯೇ ಅಡ್ಡಡ್ಡ ಹೋದಳು. ಅಪ್ಪ ಎದ್ದು ಬೈಕಿನ ಹತ್ತಿರ ನಡೆದರು. ಟ್ರಂಕಿನ ಹಗ್ಗ ಬಿಚ್ಚಲಿಲ್ಲ, ಇನ್ನೂ ಬಿಗಿಯಾಗಿ ಕಟ್ಟಿದರು.

ಈಗ ನಾನು ಗೇಟಿನ ಒಳಗಿದ್ದೇನೆ. ಇಲ್ಲಿಯೂ ಮುದ್ದೆ ಕೊಡುತ್ತಾರೆ. ನಿಂಬೆಹಣ್ಣು ಅದನ್ನು ನೋಡಿ ತಾನೇ ದೊಡ್ಡವನೆಂದು ಜಂಬ ಪಡಬಹುದು. ಆದರೆ ಅದರಿಂದ ಒಂದು ಉಪಕಾರವಾಗಿದೆ: ಊಟವಾದ ಮೇಲೂ ಯಾರಿಗೂ ನಿದ್ದೆ ಬರುವುದಿಲ್ಲ. ಊಟದ ಬಿಡುವಿನಲ್ಲಿ ನನ್ನ ರೂಮಿನ ಹುಡುಗರಿಗೆ ಪೊರಕೆಯನ್ನೇ ಕೋಲು ಮಾಡಿಕೊಂಡು ಮಾವನ ಬೀಚು, ಕತ್ತೆ, ಟೆಂಪೋದವನು ಎಲ್ಲವನ್ನೂ ಆಡಿ ತೋರಿಸಿದೆ. ನಕ್ಕರು. ಪಕ್ಕದ ರೂಮಿನವರೂ ಬರತೊಡಗಿದರು. ಇದನ್ನು ಅಪ್ಪನಿಗೆ ತೋರಿಸುವುದು ಹೇಗೆ ಎಂದು ಯೋಚಿಸಿ ಯೋಚಿಸಿ ಫಿಸಿಕ್ಸಿನಲ್ಲಿ ಹಿಂದೆ ಬಿದ್ದೆ.

ಮನೆಯವರು ಬಂದು ನೋಡಬಹುದಾದ ಭಾನುವಾರ ಬಂತು. ಅಪ್ಪ, ಮಾವ, ಅಜ್ಜಿ ಮೂವರೂ ಕಾರಿನಲ್ಲಿ ಬಂದರು. ನಾನು ಹುಡುಗರನ್ನೆಲ್ಲ ಹುಣಸೆ ಮರದ ಕೆಳಗೆ ಕೂರಿಸಿದ್ದೆ. ಅಪ್ಪನಿಗೆ ಮುಂದಿನ ಜಾಗ ಇಟ್ಟಿದ್ದೆ. ಪೊರಕೆ ಕೈಗೆ ತೆಗೆದುಕೊಂಡು, ಸುಮ್ಮನೆ ನಿಂತು ಎಲ್ಲರ ಮುಖ ನೋಡಿದೆ. ಹುಡುಗರು ಆಗಲೇ ನಗಲು ಶುರು ಮಾಡಿದರು. ಬಾಯಿ ಬಿಡುವ ಮುಂಚೆಯೇ!

"ಇರೋ," ಎಂದಳು ಅಜ್ಜಿ. ಅವಳ ಹಿಂದೆ ಮಾವ ಕಾರಿನ ಡಿಕ್ಕಿಯಿಂದ ದೊಡ್ಡ ಹಾಟ್‌ಬಾಕ್ಸು, ಸಾರಿನ ಕ್ಯಾರಿಯರ್ ಇಳಿಸುತ್ತಿದ್ದ. "ಮಕ್ಳು ಮೊದ್ಲು ಉಣ್ಲಿ."

"ಅಜ್ಜೀ, ಬೇಡ. ಕೈ ಮುಗೀತೀನಿ."

ಹುಡುಗರು ಆಗಲೇ ಅವಳ ಸುತ್ತ ಮುತ್ತಿಕೊಂಡಿದ್ದರು. ತಿಂಗಳುಗಟ್ಟಲೆ ನಿಂಬೆಹಣ್ಣು ತಿಂದವರಿಗೆ ಅಜ್ಜಿಯ ಮುದ್ದೆ. ಅಪ್ಪನಿಗೂ ಒಂದು, ಮೇಲೊಂದರ್ಧ. ಸ್ವಲ್ಪ ಹೊತ್ತಿಗೆ ಹುಣಸೆ ಮರದ ಬುಡದಲ್ಲಿ ನನ್ನ ಇಡೀ ಪ್ರೇಕ್ಷಕವರ್ಗ ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು ಮಲಗಿತ್ತು. ಮಾವ ಬಾಯಿ ತೆರೆದು ಮಲಗಿದ್ದ. ಅಪ್ಪ ಮರಕ್ಕೆ ಒರಗಿದ್ದರು, ಗದ್ದ ಎದೆಗೆ ಇಳಿದಿತ್ತು. ಅದನ್ನೂ ನಾನು ಮೊದಲ ಸಲ ನೋಡಿದ್ದು.

ಅಳಿಯ ಮಲಗಿದ್ದು ಖಚಿತವಾದ ಮೇಲೆ ಅಜ್ಜಿ ತಲೆ ಮೇಲಿನ ಸೆರಗು ಜಾರಿಸಿ, ಆರಾಮಾಗಿ ಕಾಲು ಚಾಚಿ ಕೂತಳು. "ಏನೋ ಆಡ್ತೀನಿ ಅಂತಿದ್ದೆಲ್ಲಪ್ಪ, ಆಡು. ನಾನ್ ನೋಡ್ತೀನಿ."

ನನಗೆ ಬಂದ ಸಿಟ್ಟಿಗೆ ಪೊರಕೆಯ ಕಡ್ಡಿಗಳು ಉದುರಿದವು. ಆದರೂ ಆಡಿದೆ. ಮೊದಲಿನಿಂದ ಕೊನೆಯವರೆಗೆ, ಸಮುದ್ರಕ್ಕೆ ಬೀಳುವುದನ್ನೂ ಸೇರಿಸಿ, ಹಾಸ್ಟೆಲಿನ ಅಂಗಳದ ಮಣ್ಣಿನಲ್ಲಿ ಬಿದ್ದು ತೋರಿಸಿದೆ. ಅಜ್ಜಿ ಒಂದು ಸಲವೂ ರೆಪ್ಪೆ ಮಿಟುಕಿಸದೆ ನೋಡಿದಳು. ನಗಲೂ ಇಲ್ಲ. ನಾನು ಎದ್ದು ಮೈ ಕೊಡವಿಕೊಂಡ ಮೇಲೆ ಹಾಟ್‌ಬಾಕ್ಸಿನ ತಳದಿಂದ ಕೊನೆಯ ಮುದ್ದೆ ತೆಗೆದು ತಟ್ಟೆಗಿಟ್ಟಳು.

"ಆಯ್ತಾ?" ಎಂದಳು. "ಬಾ, ಈಗ್ಲಾದ್ರೂ ಉಣ್ಣು."